ಬರೆಯದೆ ಬಿಟ್ಟ ಸುತ್ತು

ನನ್ನ ಮನೆ ಇರುವುದು, ಹಿಂದೆ ಕಾರು ರೇಸಿನ ಮೈದಾನವಾಗಿದ್ದು ಈಗ ಬಡಾವಣೆಯಾಗಿರುವ ಟಲ್ಲಾವಾ ಪಾರ್ಕಿನ ಕೊನೆಯ ತಿರುವಿನ ಮೇಲೆ. ಸರಿಯಾಗಿ ಹೇಳಬೇಕೆಂದರೆ, ಆ ತಿರುವು ನಾನು ಬಟ್ಟೆ ಒಗೆಯುವ ಕೋಣೆಯ ಮಧ್ಯದಿಂದ ಹಾದು ಪಕ್ಕದ ಮನೆಯವರ ಕೋಳಿಗೂಡಿನ ಹತ್ತಿರ ನೇರವಾಗುತ್ತಿತ್ತು. ರೇಸಿನ ಹುಚ್ಚು ಇನ್ನೂ ಬಿಡದ ಗಂಡಸರು ಭಾನುವಾರಗಳಂದು ಹಳೆಯ ನಕ್ಷೆ ಹಿಡಿದುಕೊಂಡು ಬಂದು ಬಾಗಿಲು ತಟ್ಟುತ್ತಾರೆ. ಒಳಗೆ ಕರೆದು ವಾಷಿಂಗ್ ಮೆಷಿನ್ ತೋರಿಸುತ್ತೇನೆ. ಒಬ್ಬ ಅದರ ಫೋಟೋ ತೆಗೆದುಕೊಂಡು ಕಣ್ಣು ಒರೆಸಿಕೊಂಡ. ನಗಬಾರದು ಎಂದು ತುಟಿ ಕಚ್ಚಿಕೊಂಡೆ. ಆದರೆ ನಗುವ ಹಕ್ಕು ನನಗೆಲ್ಲಿದೆ? ಸಿಡ್ನಿಯ ಸುತ್ತ ಇಷ್ಟೊಂದು ಹೊಸ ಬಡಾವಣೆಗಳಿರುವಾಗ, ಗಂಡ ನಾರ್ಮ್ ತೀರಿಕೊಂಡ ಮೇಲೆ ಹಟ ಹಿಡಿದು ಇಲ್ಲೇ ಮನೆ ಕೊಂಡವಳು ನಾನೇ. ಮಗಳು ಆಗಲೇ ಹೇಳಿದ್ದಳು, ನಿನಗೆ ತಲೆ ಕೆಟ್ಟಿದೆ ಅಂತ.

ಈಗಿನ ರೇಸುಗಳನ್ನೂ ಟೀವಿಯಲ್ಲಿ ನೋಡುತ್ತೇನೆ, ನೋಡುತ್ತಾ ಬೈಯುತ್ತೇನೆ. ಆ ಕಾರುಗಳನ್ನು ನೀವು ಅಂಗಡಿಗೆ ಹೋಗಿ ಕೊಳ್ಳಲಾರಿರಿ. ಎಪ್ಪತ್ತರ ದಶಕದಲ್ಲಿ ಹಾಗಿರಲಿಲ್ಲ. ಶುಕ್ರವಾರ ಸಂಜೆ ನಾರ್ಮ್ ಗ್ಯಾರೇಜಿನಿಂದ ಬಂದವನೇ ನಮ್ಮ ಹೋಲ್ಡನ್ ಟೊರಾನಾ ಕಾರಿನ ಹಿಂದಿನ ಸೀಟು ಕಿತ್ತು ವರಾಂಡದಲ್ಲಿ ಇಡುತ್ತಿದ್ದ. ಆ ಜಾಗಕ್ಕೆ ಟೈರುಗಳು, ಜ್ಯಾಕು, ಎಣ್ಣೆ ಡಬ್ಬಗಳು. ಬಾಗಿಲ ಮೇಲೆ ಬಿಳಿ ಬೂಟ್ ಪಾಲಿಶ್‌ನಲ್ಲಿ ನಂಬರು ಬರೆಯುವುದು ನನ್ನ ಕೆಲಸ, ಏಕೆಂದರೆ ಅವನ ಏಳು ಯಾವಾಗಲೂ ಒಂದರ ಹಾಗೆ ಕಾಣುತ್ತಿತ್ತು. ಶನಿವಾರ ಬೆಳಗ್ಗೆ ಸ್ಕೋನ್ ಬನ್ನುಗಳ ಡಬ್ಬಿ ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂರುತ್ತಿದ್ದೆ, ಅದೇ ಕಾರಿನಲ್ಲಿ ಹೋಗಿ ಅದೇ ಕಾರಿನಲ್ಲಿ ರೇಸು ಓಡಿ ಅದೇ ಕಾರಿನಲ್ಲಿ ಮನೆಗೆ ಬರುತ್ತಿದ್ದೆವು. ಸೋಮವಾರ ಅವನು ಕೆಲಸಕ್ಕೆ ಹೋಗುತ್ತಿದ್ದದ್ದೂ ಅದರಲ್ಲೇ. ದಿಬ್ಬದ ಮೇಲೆ ಕೂತು ನೋಡುವವರ ಮನೆಯ ಮುಂದೆಯೂ ಅದೇ ಕಾರು ನಿಂತಿರುತ್ತಿತ್ತು. ಅದಕ್ಕೇ ಅಷ್ಟು ಜಗಳ. ಎಡಗಡೆ ಹೋಲ್ಡನ್ ಕಾರಿನ ಜನ, ಬಲಗಡೆ ಫೋರ್ಡ್ ಕಾರಿನ ಜನ, ನಡುವೆ ಸಾಸೇಜ್ ಸುಡುವವನು. ಈ ಎರಡು ಪಂಗಡಗಳಿಗೂ ಒಪ್ಪಿಗೆಯಾಗುತ್ತಿದ್ದ ವಿಷಯ ಒಂದೇ, ವಿಕರಿ ಅಣ್ಣತಮ್ಮಂದಿರನ್ನು ಗೇಲಿ ಮಾಡುವುದು. ಅವರು ಓಡಿಸುತ್ತಿದ್ದದ್ದು ಹೋಲ್ಡನ್ನೂ ಅಲ್ಲ, ಫೋರ್ಡೂ ಅಲ್ಲ, ಚಾರ್ಜರ್ ಎಂಬ ಕಿತ್ತಳೆ ಬಣ್ಣದ ಒಂದು ಕಾರು.

ಅಣ್ಣ ಕ್ಲೈವ್ ವಿಕರಿ, ತಮ್ಮ ರೆಗ್. ಪೆನ್ರಿತ್‌ನಲ್ಲಿ ಇಬ್ಬರೂ ಸೇರಿ ವರ್ಕ್‌ಶಾಪ್ ನಡೆಸುತ್ತಿದ್ದರು. ಕ್ಲೈವ್ ಮಾತು ಕಡಿಮೆಯ ಮನುಷ್ಯ. ರೆಗ್‌ಗೆ ಬಾಯಿ ಮುಚ್ಚಿದರೆ ಉಸಿರು ಕಟ್ಟುತ್ತಿತ್ತು. ನಮಗೆ ಬಿಡಿಭಾಗ ಬೇಕಾದಾಗ ಅವರು ಕೊಡುತ್ತಿದ್ದರು, ಅವರಿಗೆ ಬೇಕಾದಾಗ ನಾವು. ರೇಸಿನ ದಿನ ನಾರ್ಮ್‌ಗೂ ಅವರಿಗೂ ಜಿದ್ದು, ಉಳಿದ ದಿನ ಒಂದೇ ಬಾಣಲೆಯ ಮೊಟ್ಟೆ.

ಈಗ ಕಾರಿನೊಳಗೇ ಒಂದು ಯಂತ್ರ ಇರುತ್ತದೆ, ಸುತ್ತುಗಳನ್ನು ಅದೇ ಎಣಿಸುತ್ತದೆ. ಆಗ ಎಣಿಸುತ್ತಿದ್ದವರು ನಾವು, ಹೆಂಗಸರು. ಸುತ್ತು ಮುಗಿಯುವ ಗೆರೆಯ ಎದುರಿಗೆ ಒಂದು ಮರದ ಅಟ್ಟಣೆ ಇತ್ತು. ಪ್ರತಿ ತಂಡವೂ ಒಬ್ಬ ಹೆಂಡತಿಯನ್ನೋ ತಂಗಿಯನ್ನೋ ಅಲ್ಲಿಗೆ ಕಳಿಸಬೇಕು. ಒಬ್ಬೊಬ್ಬಳಿಗೆ ಒಂದು ಕಾರು, ಒಂದು ಹಾಳೆ, ಒಂದು ಪೆನ್ಸಿಲ್. ನಿನ್ನ ಪಾಲಿಗೆ ಬಂದ ಕಾರು ಗೆರೆ ದಾಟಿದಾಗಲೆಲ್ಲ ಎದುರಿನ ದೊಡ್ಡ ಗಡಿಯಾರ ನೋಡಿ ಸಮಯ ಬರೆಯಬೇಕು. ಗಂಡನ ಕಾರನ್ನು ಬರೆಯುವಂತಿಲ್ಲ. ಟೋಪಿಯೊಳಗೆ ಚೀಟಿ ಹಾಕಿ ಎತ್ತುತ್ತಿದ್ದೆವು. ಒಂಬತ್ತು ವರ್ಷ ಆ ಅಟ್ಟಣೆಯಲ್ಲಿ ಕೂತಿದ್ದೇನೆ, ಉಚ್ಚೆಗೆ ಅವಸರವಾದರೂ ಎದ್ದವಳಲ್ಲ. ಸಮಯದ ಮುಖ್ಯಸ್ಥರಾಗಿದ್ದ ಮಿಸ್ಟರ್ ಹೋಲ್‌ಬ್ರೂಕ್ ಹೊಸಬರಿಗೆ ನನ್ನ ಹಾಳೆ ತೋರಿಸಿ, ಬರೆದರೆ ಹೀಗೆ ಬರೆಯಬೇಕು ಅನ್ನುತ್ತಿದ್ದರು. ನನಗೆ ಅದರ ಜಂಬವೂ ಇತ್ತು.

ಆ ಒಂಬತ್ತನೆಯ ವರ್ಷದ ಆರು ಗಂಟೆಗಳ ರೇಸಿನಲ್ಲಿ ನನ್ನ ಕೈಗೆ ಬಂದ ಚೀಟಿ ವಿಕರಿಗಳ ಚಾರ್ಜರ್‌ದು.

ಸುಡುಬಿಸಿಲು. ನಾರ್ಮ್ ಜೊತೆಗಾರನಿಲ್ಲದೆ ಒಬ್ಬನೇ ಓಡಿಸುತ್ತಿದ್ದ, ಆಗ ಅದಕ್ಕೆ ಅವಕಾಶವಿತ್ತು. ಹನ್ನೊಂದು ವರ್ಷದಿಂದ ಓಡುತ್ತಿದ್ದವನು ಒಂದನ್ನೂ ಗೆದ್ದಿರಲಿಲ್ಲ, ಆವತ್ತು ಎರಡನೆಯವನಾಗಿ ಓಡುತ್ತಿದ್ದ. ಮುಂದಿದ್ದದ್ದು ಚಾರ್ಜರ್. ಅದನ್ನು ಮೊದಲು ಕ್ಲೈವ್ ಓಡಿಸಿದ. ನಡುವಿನ ಎರಡು ಗಂಟೆ ರೆಗ್ ಓಡಿಸುವಾಗ ಕ್ಲೈವ್, ಕಾರು ನಿಲ್ಲಿಸಿ ಟೈರು ಬದಲಿಸುವ ಪಿಟ್‌ನ ಹಿಂದೆ ನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ನಿದ್ದೆ ಹೋಗಿದ್ದ. ಅವರ ಕಡೆಯ ಲೆಕ್ಕ ಇಡುತ್ತಿದ್ದವನು ಚಿಕ್ಕಪ್ಪ ಪರ್ಸಿ. ಅವನದು ಎರಡು ತಗಡಿನ ಡಬ್ಬಿಗಳ ವಿಧಾನ. ಕಾರು ಒಂದು ಸುತ್ತು ಬಂದರೆ ಈ ಡಬ್ಬಿಯಿಂದ ಒಂದು ನಟ್ಟು ತೆಗೆದು ಆ ಡಬ್ಬಿಗೆ ಹಾಕುವುದು. ಎಲ್ಲರೂ ನಗುತ್ತಿದ್ದರು.

ನಾಲ್ಕನೆಯ ಗಂಟೆಯಲ್ಲಿ ನಾರ್ಮ್‌ನ ಟೊರಾನಾ ಈ ಕೊನೆಯ ತಿರುವಿನಲ್ಲಿ ತಿರುಗಿಕೊಂಡು ಹಿಂದುಮುಂದಾಗಿ ನಿಂತಿತು. ಧೂಳಿನಲ್ಲಿ ಏನೂ ಕಾಣಲಿಲ್ಲ. ನಾನು ಎದ್ದು ನಿಂತೆ. ಪೆನ್ಸಿಲ್ ಕೈಯಲ್ಲೇ ಇತ್ತು. ಎಷ್ಟು ಹೊತ್ತು ನಿಂತಿದ್ದೆನೋ, ಟೊರಾನಾದ ಇಂಜಿನ್ ಮತ್ತೆ ಗುರ್ ಅಂದಾಗ ಕೂತೆ. ಚಾರ್ಜರ್ ಬಂತು, ಬರೆದೆ. ಅದು ಅದರ ಹಿಂದಿನ ಸುತ್ತಿನಲ್ಲೂ ಆ ಧೂಳಿನೊಳಗಿಂದ ಹಾದು ಗೆರೆ ದಾಟಿತ್ತು, ಅದನ್ನು ನಾನು ಬರೆದಿರಲಿಲ್ಲ ಎನ್ನುವುದು ಆಗ ನನಗೆ ತಿಳಿಯಲಿಲ್ಲ. ದೇವರಾಣೆ ತಿಳಿಯಲಿಲ್ಲ.

ಕೊನೆಯ ಪಾಳಿಗೆ ಕ್ಲೈವ್ ಮತ್ತೆ ಹತ್ತಿದ. ಇಪ್ಪತ್ತು ನಿಮಿಷ ಉಳಿದಿದ್ದಾಗ ರೆಗ್ ಪಿಟ್ ಗೋಡೆಯ ಮೇಲಿಂದ ಅವನಿಗೆ ಹಲಗೆ ತೋರಿಸಿದ, ಒಂದು ಸುತ್ತು ಮುಂದಿದ್ದೀಯ, ನಿಧಾನವಾಗಿ ಬಾ ಅಂತ. ಡಬ್ಬಿಯ ಲೆಕ್ಕ ಹಾಗೇ ಹೇಳುತ್ತಿತ್ತು. ಇಂಜಿನ್ ಬಿಸಿಯೇರುತ್ತಿದ್ದುದರಿಂದ ಕ್ಲೈವ್ ವೇಗ ಇಳಿಸಿದ. ಹಿಂದಿನಿಂದ ಬಂದ ನಾರ್ಮ್‌ಗೆ ಕೈಬೀಸಿ ದಾರಿಯನ್ನೂ ಬಿಟ್ಟುಕೊಟ್ಟ. ಒಂದು ಸುತ್ತು ಹಿಂದಿರುವವನು ಮುಂದೆ ಹೋದರೆ ಏನಾಯಿತು? ಆದರೆ ನನ್ನ ಹಾಳೆಯ ಪ್ರಕಾರ ಇಬ್ಬರದೂ ಇನ್ನೂರ ಹನ್ನೊಂದೇ ಸುತ್ತು. ಗೆರೆಯನ್ನು ಮೊದಲು ದಾಟಿದವನು ನಾರ್ಮ್. ಹಾರ ಅವನ ಕೊರಳಿಗೆ ಬಿತ್ತು.

ಫಲಿತಾಂಶ ಅಂಟಿಸಿದ ಅರ್ಧ ಗಂಟೆಯೊಳಗೆ ತಕರಾರು ಕೊಡಬೇಕು. ವಿಕರಿಗಳು ಡಬ್ಬಿ ಸಮೇತ ಬಂದರು. ಹೋಲ್‌ಬ್ರೂಕ್ ನನ್ನ ಹಾಳೆಯ ಮೇಲೆ ಬೆರಳಾಡಿಸುತ್ತಾ ಒಂದು ಕಡೆ ನಿಲ್ಲಿಸಿದರು. ಪಿಟ್‌ಗೆ ಬಂದವನ್ನು ಬಿಟ್ಟರೆ ಎಲ್ಲ ಸುತ್ತುಗಳ ನಡುವೆ ಒಂದು ನಿಮಿಷ ನಲವತ್ತು ಸೆಕೆಂಡಿನಷ್ಟು ಅಂತರ, ಇದೊಂದರಲ್ಲಿ ಮಾತ್ರ ಮೂರು ನಿಮಿಷ ಇಪ್ಪತ್ತು. ಇದೇನು ಎಂದು ನನ್ನನ್ನು ಕೇಳಿದರು. ಆ ಗಳಿಗೆಯಲ್ಲಿ ನನಗೆ ಗೊತ್ತಾಯಿತು. ಕಿಟಕಿಯಾಚೆ ನಾರ್ಮ್ ಕಾರಿನ ಬಾನೆಟ್ ಮೇಲೆ ಕೂತಿದ್ದ, ಬೊಬ್ಬೆ ಎದ್ದ ಅಂಗೈಗಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡು. ಹನ್ನೊಂದು ವರ್ಷದಲ್ಲಿ ಅವನ ಮುಖ ಹಾಗಿದ್ದದ್ದನ್ನು ನಾನು ನೋಡಿರಲಿಲ್ಲ. ಮೈದಾನದ ಹಿಂಬದಿಯ ತಿರುವಿನಲ್ಲಿ ಧೂಳು ಎದ್ದಿತ್ತು, ಚಾರ್ಜರ್ ಹುಲ್ಲಿಗೆ ಇಳಿದು ಸ್ವಲ್ಪ ಹೊತ್ತು ಸಿಕ್ಕಿಕೊಂಡಿತ್ತು ಎಂದೆ. ಆಗ ಓಡಿಸುತ್ತಿದ್ದವನು ರೆಗ್.

"ನಾನು ರಸ್ತೆ ಬಿಟ್ಟೇ ಇಲ್ಲ," ಅಂದ ರೆಗ್.

ಆ ತಿರುವಿನಲ್ಲಿ ಧ್ವಜ ಹಿಡಿದಿದ್ದವನನ್ನು ಕರೆಸಿ ಕೇಳೋಣ ಎಂದರು ಹೋಲ್‌ಬ್ರೂಕ್. ಕ್ಲೈವ್ ಅವರನ್ನು ತಡೆದ. ಅವನು ನೋಡಿದ್ದು ನನ್ನ ಕಡೆಗೆ.

"ಗ್ಲೆನ್, ನೀನೇ ನೋಡಿದ್ಯಾ? ಕಣ್ಣಾರೆ?"

"ನೋಡಿದೆ."

"ಹಾಗಾದ್ರೆ ಯಾರನ್ನೂ ಕರೆಸೋದು ಬೇಡ. ಅವಳು ತಪ್ಪು ಬರೆಯೋಳಲ್ಲ."

ತಕರಾರು ಹಿಂದೆಗೆದುಕೊಂಡು ಹೊರಟುಹೋದ. ರೆಗ್ ಅವನ ಹಿಂದೆ ಏನೋ ಹೇಳುತ್ತಾ ಓಡಿದ. ಅಣ್ಣತಮ್ಮಂದಿರು, ವಾರದಲ್ಲಿ ಸರಿಹೋಗುತ್ತಾರೆ ಎಂದುಕೊಂಡೆ. ಕ್ರಿಸ್‌ಮಸ್ ಹೊತ್ತಿಗೆ ವರ್ಕ್‌ಶಾಪ್ ಎರಡಾಗಿತ್ತು. ರೇಸಿಗೆ ಇಬ್ಬರೂ ಮತ್ತೆ ಬರಲಿಲ್ಲ. ರೆಗ್‌ನ ಹೆಂಡತಿಗೂ ಕ್ಲೈವ್‌ನ ಹೆಂಡತಿಗೂ ಆಗುತ್ತಿರಲಿಲ್ಲವಂತೆ, ಅದಕ್ಕೇ ಪಾಲಾದರಂತೆ ಎಂದು ಯಾರೋ ಹೇಳಿದರು. ಆ ಮಾತನ್ನು ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಮುಂದಿನ ವರ್ಷ ಅಟ್ಟಣೆಗೆ ಹೋಗಲಿಲ್ಲ, ಬೆನ್ನುನೋವು ಎಂದು ನೆಪ ಹೇಳಿದೆ. ನಾರ್ಮ್‌ಗೆ ಹೇಳಲೇ ಇಲ್ಲ. ಸಾಯುವವರೆಗೂ ಅವನು ಆ ರೇಸಿನ ಕತೆ ಹೇಳಿಕೊಂಡೇ ಇದ್ದ. ಕ್ಲೈವ್ ಕೈಬೀಸಿದ್ದನ್ನು ಹೇಳುವಾಗ ಪ್ರತಿ ಸಲವೂ, ಅವನು ಸೋಲೊಪ್ಪಿಕೊಂಡ ರೀತಿ ನೋಡಬೇಕಿತ್ತು, ಎಂಥ ದೊಡ್ಡ ಮನುಷ್ಯ ಅನ್ನುತ್ತಿದ್ದ. ನಾನು ಎದ್ದು ಒಲೆಯ ಹತ್ತಿರ ಹೋಗುತ್ತಿದ್ದೆ.

ಮೂವತ್ತೊಂಬತ್ತು ವರ್ಷ ಹೀಗೇ ಹೋಯಿತು. ಈ ವರ್ಷ ಮಾರ್ಚ್‌ನಲ್ಲಿ ಬಡಾವಣೆಯ ಕಂಪನಿಯಿಂದ ಪತ್ರ ಬಂತು. ಹೊಸ ಬೀದಿಗಳಿಗೆ ಹಳೆಯ ವಿಜೇತರ ಹೆಸರಿಡುತ್ತಿದ್ದಾರಂತೆ, ಒಂದಕ್ಕೆ ನಾರ್ಮ್ ಪರ್ಟೆಲ್ ಬೀದಿ ಎಂದು ಇಡಲು ಮನೆಯವರ ಒಪ್ಪಿಗೆ ಬೇಕಂತೆ. ಮಗಳು ಫೋನಿನಲ್ಲೇ ಅತ್ತಳು. ನನಗೆ ಅಳುವೂ ಬರಲಿಲ್ಲ. ಅವನು ಹೇಳಿಕೊಳ್ಳುತ್ತಿದ್ದ ಕತೆ ಬೇರೆ, ಅದು ಅವನೊಂದಿಗೆ ಹೋಯಿತು. ಕಂಬಕ್ಕೆ ಹೊಡೆದ ಹಲಗೆ ನನ್ನ ನಂತರವೂ ಇರುತ್ತದೆ.

ಕಂಪನಿಯ ಜಾಸ್ಮಿನ್ ಎಂಬ ಹುಡುಗಿಗೆ ಫೋನ್ ಮಾಡಿ, ನಾರ್ಮ್‌ಗೆ ಇದೆಲ್ಲ ಇಷ್ಟವಾಗುತ್ತಿರಲಿಲ್ಲ, ಹೆಸರು ಬಿಟ್ಟುಬಿಡಿ ಎಂದೆ. ಅದೂ ಸುಳ್ಳೇ. ಅವಳು ಒಳ್ಳೆಯ ಹುಡುಗಿ, ಕೆದಕಿ ಕೇಳಿದಳು. ದಾಖಲೆಯಲ್ಲಿ ತಪ್ಪಿದೆ ಎಂದು ಬಾಯಿ ಬಿಟ್ಟೆ. ಹಾಗಿದ್ದರೆ ಎರಡನೆಯ ಸ್ಥಾನ ಬಂದ ಇಬ್ಬರ ಸಹಿಯೂ ಇರುವ ಒಂದು ಕಾಗದ ಕೊಡಿ, ಬದಲಾಯಿಸೋಣ, ಹಲಗೆ ಹಾಕುವುದು ವರ್ಷದ ಕೊನೆಗೆ, ಅವಸರವೇನಿಲ್ಲ ಎಂದಳು. ಅದೇ ವಾರ ಲೈಬ್ರರಿಗೆ ಹೋಗಿ ಕಾಗದ ಟೈಪ್ ಮಾಡಿಸಿದೆ. ಕೆಳಗೆ ಸಹಿಗೆ ಎರಡು ಗೆರೆ, ಒಂದು ಕ್ಲೈವ್‌ಗೆ, ಒಂದು ರೆಗ್‌ಗೆ.

ಟೈಪ್ ಮಾಡಿಸಿದವಳು ಕೂಡಲೇ ಅವರ ಹತ್ತಿರ ಹೋಗಬೇಕಿತ್ತು. ಏಪ್ರಿಲ್‌ನಲ್ಲಿ ಸೊಂಟ ಹಿಡಿದುಕೊಂಡಿತ್ತು. ಮೇ ತಿಂಗಳಲ್ಲಿ ಮಗಳು ಬಂದಿದ್ದಳು. ಜೂನ್, ಜುಲೈ ಇಲ್ಲಿ ಚಳಿಗಾಲ, ಬೆಟ್ಟದ ದಾರಿಯಲ್ಲಿ ಮಂಜು ಬೀಳುತ್ತದೆ, ಈ ವಯಸ್ಸಿನಲ್ಲಿ ಯಾರು ಗಾಡಿ ಓಡಿಸುತ್ತಾರೆ? ಹೀಗೆ ದಿನ ತಳ್ಳಿದೆ. ಅಕ್ಟೋಬರ್‌ನಲ್ಲಿ ಬ್ಯಾಥರ್ಸ್ಟ್ ರೇಸಿನ ವಾರ ಬಂತು. ಟೀವಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಳೆಯ ರೇಸುಗಳ ಚಿತ್ರ. ಅದರಲ್ಲೊಂದು ಕಿತ್ತಳೆ ಬಣ್ಣದ ಚಾರ್ಜರ್ ಬೆಟ್ಟ ಇಳಿದು ಬಂತು, ಯಾರದೋ ಏನೋ. ಟೀವಿ ಆರಿಸಿ ಕಾರಿನ ಕೀಲಿ ತೆಗೆದುಕೊಂಡೆ.

ಕ್ಲೈವ್ ಬೆಟ್ಟದಾಚೆಯ ಮಡ್ಜಿ ಎಂಬ ಊರಿನಲ್ಲಿ ಒಬ್ಬನೇ ಇದ್ದಾನೆ. ಎಪ್ಪತ್ತೇಳು ವಯಸ್ಸು, ಊರಿನವರ ಹುಲ್ಲು ಕತ್ತರಿಸುವ ಯಂತ್ರ ರಿಪೇರಿ ಮಾಡಿಕೊಡುತ್ತಾನೆ. ಬಾಗಿಲು ತೆಗೆದವನಿಗೆ ಕೂಡಲೇ ಗುರುತು ಹತ್ತಿತು.

"ಗ್ಲೆನ್ ಪರ್ಟೆಲ್. ಕುಳ್ಳಿ ಆಗ್ಬಿಟ್ಟಿದ್ದೀಯಲ್ಲೇ."

"ನೀನೇನು ಬೆಳೆದಿದ್ದೀಯಾ?"

ಚಹಾ ಮಾಡಿದ, ಹಣ್ಣಿನ ಕೇಕ್ ಕೊಯ್ದ. ಒಂದು ಗಂಟೆ ಬರೀ ಹಳೆಯ ಮಾತು. ಮಿನಿ ಕಾರಿನಲ್ಲಿ ಓಡುತ್ತಾ ಚಾಕೊಲೇಟ್ ತಿನ್ನುತ್ತಿದ್ದ ದಪ್ಪ ಪಾದ್ರಿ, ಸಾಸೇಜ್ ಸುಡುವವನ ಗಾಡಿಗೆ ನುಗ್ಗಿದ ಮೊನಾರೋ ಕಾರು, ಬ್ರೇಕು ಸುಟ್ಟ ವಾಸನೆ, ಅದರ ಜೊತೆ ನೀಲಗಿರಿ ಎಲೆಯ ವಾಸನೆ. ಅವನು ನಗುವಾಗ ಮೊದಲಿನಂತೆಯೇ ಭುಜ ಕುಣಿಯುತ್ತಿತ್ತು. ಎಷ್ಟು ಹಿತವಾಗಿತ್ತೆಂದರೆ ಏನೂ ಹೇಳದೆ ಎದ್ದು ಬಂದುಬಿಡೋಣ ಅನ್ನಿಸಿತು. ಇಷ್ಟು ವರ್ಷ ನಾನು ಹಂಬಲಿಸಿದ್ದು ಇದಕ್ಕೇ. ಇದು ಇನ್ನು ಸಿಗಲಾರದು ಎಂದು ತಿಳಿದೇ ಕೈಚೀಲ ತೆರೆದೆ.

ಇಷ್ಟು ವರ್ಷ ಬಚ್ಚಿಟ್ಟಿದ್ದ ಆವತ್ತಿನ ಹಾಳೆಯ ಕಾರ್ಬನ್ ಪ್ರತಿಯನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಧೂಳು ಎದ್ದದ್ದು ಎಲ್ಲಿ, ನಾನು ಎದ್ದು ನಿಂತದ್ದು, ಕಿಟಕಿಯಾಚೆ ನಾರ್ಮ್ ಕೂತಿದ್ದದ್ದು. ಹಿಂಬದಿಯ ತಿರುವನ್ನು ಆವತ್ತು ನಾನು ನೋಡಿಯೇ ಇರಲಿಲ್ಲ ಎಂದೂ ಹೇಳಿದೆ. ಕ್ಲೈವ್ ಕನ್ನಡಕ ಹುಡುಕಿ ಹಾಕಿಕೊಂಡು ಬೆರಳಿಟ್ಟು ಸಾಲಾಗಿ ಓದಿದ.

"ಮೂರು ಇಪ್ಪತ್ತು," ಎಂದ. "ಸರಿಯಾಗಿ ಎರಡು ಸುತ್ತು. ಹುಲ್ಲಲ್ಲಿ ಸಿಕ್ಕಿಹಾಕ್ಕೊಂಡೋನು ಗಡಿಯಾರ ನೋಡ್ಕೊಂಡು ಸರಿಯಾಗಿ ಒಂದು ಸುತ್ತಿನಷ್ಟೇ ಹೊತ್ತು ಕೂತಿದ್ನಾ? ಈ ಹಾಳೆ ಅವತ್ತು ನೋಡಿದ್ರೆ ನನಗೇ ಗೊತ್ತಾಗ್ತಿತ್ತು. ನೋಡ್ಲೇ ಇಲ್ಲ ನಾನು."

ನಾನು ಕಾಗದವನ್ನು ಅವನ ಕಡೆಗೆ ಸರಿಸಿದೆ. ಬೀದಿಯ ವಿಷಯ ಹೇಳಿದೆ, ನಿಮ್ಮಿಬ್ಬರ ಹೆಸರೇ ಇಡುತ್ತಾರೆ, ರೆಗ್‌ನ ವಿಳಾಸ ಕೊಟ್ಟರೆ ಇವತ್ತೇ ಹೋಗಿ ಅವನ ಸಹಿಯನ್ನೂ ತರುತ್ತೇನೆ, ಅವನ ಕಾಲು ಹಿಡಿದಾದರೂ ಸರಿ ಎಂದೆ. ಅವನು ಎರಡನೆಯ ಗೆರೆಯ ಮೇಲೆ ಹೆಬ್ಬೆರಳಿಟ್ಟ.

"ರೆಗ್ ಹೋದ. ಈ ಆಗಸ್ಟ್ ತಿಂಗಳಲ್ಲಿ."

ಅವನು ಚಹಾದ ಬಟ್ಟಲನ್ನು ಪಕ್ಕಕ್ಕಿಟ್ಟು, ನನಗಲ್ಲ, ಹಾಳೆಗೆ ಹೇಳುವವನಂತೆ ಹೇಳಿದ. ಆವತ್ತು ಸಂಜೆ ಮನೆಗೆ ಹೋಗುವಾಗ ತಮ್ಮನನ್ನು ಹೆದ್ದಾರಿಯಲ್ಲೇ ಇಳಿಸಿ ಬಂದಿದ್ದನಂತೆ, ಹೆಲ್ಮೆಟ್ ಸಮೇತ. ಸೋತದ್ದಕ್ಕಲ್ಲ. ಹುಲ್ಲಿಗಿಳಿದದ್ದನ್ನು ಮುಚ್ಚಿಟ್ಟು, ಮುಂದಿದ್ದೀಯ ಎಂದು ಸುಳ್ಳು ಹಲಗೆ ತೋರಿಸಿದನಲ್ಲ, ಆ ಸುಳ್ಳಿಗೆ. ಪ್ರತಿ ಕ್ರಿಸ್‌ಮಸ್‌ಗೆ ರೆಗ್ ಫೋನ್ ಮಾಡುತ್ತಿದ್ದನಂತೆ. ನಾನು ರಸ್ತೆ ಬಿಟ್ಟಿರಲಿಲ್ಲ ಕ್ಲೈವ್, ಅನ್ನುತ್ತಿದ್ದ. ಇವನು ಫೋನ್ ಇಡುತ್ತಿದ್ದ. ಅಷ್ಟು ವರ್ಷವೂ ಅಷ್ಟೇ ಮಾತು.

"ಆಸ್ಪತ್ರೆಯಿಂದ್ಲೂ ಮಾಡಿದ್ದ," ಎಂದ ಕ್ಲೈವ್. "ಜಾಸ್ತಿ ದಿನ ಇಲ್ಲ, ಬಂದು ಹೋಗು ಅಂದ. ಒಂದೇ ಒಂದು ಸಲ ಒಪ್ಕೋ, ಈಗ್ಲೇ ಹೊರಡ್ತೀನಿ ಅಂದೆ. ಸುಮ್ನೆ ಹೂಂ ಅಂದ್ಬಿಡ್ಬಹುದಿತ್ತು ಅವನು. ಇಲ್ಲ ಕ್ಲೈವ್, ನಾನು ಬಿಟ್ಟಿರ್ಲಿಲ್ಲ ಅಂದ. ಹಾಗಾದ್ರೆ ನಾನು ಬರಲ್ಲ ಅಂದೆ. ಹೋಗ್ಲಿಲ್ಲ."

ನಾನು ಕದ್ದದ್ದು ಒಂದು ಹಾರ ಎಂದು ಇಷ್ಟು ವರ್ಷ ತಿಳಿದಿದ್ದೆ. ಅದನ್ನು ಹಿಂತಿರುಗಿಸಿದರೆ ಸರಿಹೋಗುತ್ತದೆ ಎಂದು ಕಾಗದ ಟೈಪ್ ಮಾಡಿಸಿಕೊಂಡು ಬಂದಿದ್ದೆ. ಕ್ಷಮಿಸು ಅನ್ನಲು ಬಾಯಿ ತೆರೆದೆ, ಆ ಮಾತು ಅಲ್ಲಿ ನಿಲ್ಲುವಂತಿರಲಿಲ್ಲ.

ಅವನು ಪೆನ್ನು ತೆಗೆದುಕೊಂಡು ಮೊದಲ ಗೆರೆಯ ಮೇಲೆ ತನ್ನ ಹೆಸರು ಬರೆದ. ಎರಡನೆಯದರ ಮೇಲೆ ತಮ್ಮನ ಹೆಸರನ್ನೂ ಬರೆದ. ಬೀದಿಗೆ ರೆಗ್‌ನ ಹೆಸರೊಂದೇ ಸಾಕು, ಆ ಹುಡುಗಿಗೆ ಹಾಗೆ ಹೇಳು ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ನಾರ್ಮ್‌ಗೆ ಇದು ಗೊತ್ತಿತ್ತಾ ಎಂದು ಕೇಳಿದ, ಇಲ್ಲ ಎಂದೆ, ಅಷ್ಟಾದರೂ ಒಳ್ಳೆಯದಾಯಿತು ಎಂದ. ದೂರದಿಂದ ಬಂದಿದ್ದೀಯ, ಕತ್ತಲಾಗುವ ಮೊದಲು ಬೆಟ್ಟ ಇಳಿದುಬಿಡು ಎಂದ. ಕೇಕಿನ ಉಳಿದ ತುಂಡನ್ನು ಕಾಗದದಲ್ಲಿ ಸುತ್ತಿಕೊಟ್ಟ. ಇನ್ನೇನು ಎದ್ದು ಹೊರಡಬೇಕು, ಆಗ ಸುಮ್ಮನೆ ಕೇಳಿದ.

"ಬೀದಿ ವಿಷ್ಯದ ಆ ಪತ್ರ ನಿಂಗೆ ಯಾವಾಗ ಬಂತು?"

ಹೋದ ವಾರ ಅನ್ನಬಹುದಿತ್ತು. ಅವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ, ಜಾಸ್ಮಿನ್‌ಗೆ ಫೋನ್ ಮಾಡಿ ಕೇಳುವ ಮನುಷ್ಯನೂ ಅಲ್ಲ. ಆ ಎರಡು ಪದ ನಾಲಗೆಯ ತುದಿಗೆ ಬಂದಿದ್ದವು. ಕ್ಲೈವ್ ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡುತ್ತಿದ್ದ.

"ಮಾರ್ಚ್‌ನಲ್ಲಿ," ಎಂದೆ.

ಅವನು ಎದ್ದು ಹೋಗಿ ಮುಂಬಾಗಿಲು ತೆರೆದು, ನಾನು ಹೊರಗೆ ಹೋಗುವವರೆಗೆ ಅದನ್ನು ಹಿಡಿದುಕೊಂಡು ನಿಂತ.